ಗಾಲ್ಫ್ ಕೋರ್ಸ್ ಪರಿಸರಕ್ಕೆ ಹೊರೆಯಾಗದಂತೆ ನೋಡಿಕೊಳ್ಳುವವರು ಯಾರು, ಹೇಗೆ?

ಗಾಲ್ಫ್ ಕೋರ್ಸ್ ಅಂದ ಕೂಡಲೇ ಪರಿಸರದ ಕಾಳಜಿ ಇರುವವರ ಹುಬ್ಬು ಗಂಟಿಕ್ಕುತ್ತದೆ. ಅಷ್ಟೊಂದು ನೀರು, ಅಷ್ಟೊಂದು ಔಷಧಿ, ಅಷ್ಟೊಂದು ಜಾಗ, ಆಡುವವರು ಮಾತ್ರ ಕೆಲವೇ ಜನ. ಈ ಸಿಟ್ಟು ಸುಮ್ಮನೆ ಬಂದದ್ದಲ್ಲ. 2022ರ ಬೇಸಿಗೆಯಲ್ಲಿ ಫ್ರಾನ್ಸ್‌ನಲ್ಲಿ ಭೀಕರ ಬರ ಬಂದಿತ್ತು. ಕೈತೋಟಕ್ಕೆ ನೀರು ಹಾಕಬೇಡಿ, ಕಾರು ತೊಳೆಯಬೇಡಿ ಅಂತ ಜನರಿಗೆ ನಿರ್ಬಂಧ ಹಾಕಿದ್ದರು. ಆದರೆ ಗಾಲ್ಫ್ ಗ್ರೀನ್‌ಗಳಿಗೆ, ಅಂದರೆ ಕುಳಿಯ ಸುತ್ತಲಿನ ನಯವಾದ ಹುಲ್ಲಿಗೆ, ನೀರು ಬಿಡಲು ವಿನಾಯಿತಿ ಇತ್ತು. ಟೂಲೂಸ್ ನಗರದ ಹತ್ತಿರದ ಕೋರ್ಸ್‌ಗಳಿಗೆ ಹೋರಾಟಗಾರರು ನುಗ್ಗಿ ಚೆಂಡು ಬೀಳುವ ಕುಳಿಗಳಿಗೆ ಸಿಮೆಂಟ್ ತುಂಬಿಬಿಟ್ಟರು.

ಇಂಥ ಜಗಳಗಳಲ್ಲಿ ಆಟಗಾರರ ಮಾತು ಬರುತ್ತದೆ, ಕ್ಲಬ್‌ನ ಮಾತು ಬರುತ್ತದೆ, ಸರ್ಕಾರದ ಮಾತು ಬರುತ್ತದೆ. ಮೈದಾನದ ಹುಲ್ಲು ನೋಡಿಕೊಳ್ಳುವ ಮನುಷ್ಯನ ಮಾತು ಮಾತ್ರ ಬರುವುದಿಲ್ಲ. ಅಮೆರಿಕದಲ್ಲಿ ಇವರನ್ನು ಸೂಪರಿಂಟೆಂಡೆಂಟ್ ಎನ್ನುತ್ತಾರೆ, ಬ್ರಿಟನ್ ಕಡೆ ಗ್ರೀನ್‌ಕೀಪರ್. ಇವತ್ತು ರಾತ್ರಿ ಎಷ್ಟು ನೀರು ಬಿಡಬೇಕು, ಯಾವ ಔಷಧಿ ಹೊಡೆಯಬೇಕು ಅಥವಾ ಹೊಡೆಯದೇ ಇರಬೇಕು, ಯಾವ ಮೂಲೆಗೆ ಕತ್ತರಿಸುವ ಯಂತ್ರ ಹೋಗಬಾರದು, ಇದೆಲ್ಲ ಅವರ ದಿನನಿತ್ಯದ ತೀರ್ಮಾನ. ಒಂದು ಕೋರ್ಸ್ ಸುತ್ತಲಿನ ಪರಿಸರಕ್ಕೆ ಎಷ್ಟು ಹೊರೆ ಅನ್ನುವುದು ಬಹುಪಾಲು ಈ ತೀರ್ಮಾನಗಳಲ್ಲೇ ನಿಂತಿದೆ. ಮರಕ್ಕೆ ನೇತುಹಾಕಿದ ಹಕ್ಕಿಗೂಡಿನ ಪೆಟ್ಟಿಗೆ ಬೇಗ ಕಣ್ಣಿಗೆ ಬೀಳುತ್ತದೆ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಬಿಡದೇ ಉಳಿಸಿದ ನೀರು, ಹೊಡೆಯದೇ ಉಳಿಸಿದ ಔಷಧಿಯ ತೂಕ ಅದಕ್ಕಿಂತ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಜಾಗದ ಅಳತೆ ತಿಳಿದುಕೊಳ್ಳೋಣ. ಅಮೆರಿಕದಲ್ಲಿ 18 ಕುಳಿಗಳ ಒಂದು ಸಾಮಾನ್ಯ ಕೋರ್ಸ್ ಸುಮಾರು 150 ಎಕರೆ ಇರುತ್ತದೆ. ಅದರಲ್ಲಿ ಕತ್ತರಿಸಿ, ನೀರು ಹಾಕಿ ನೋಡಿಕೊಳ್ಳುವ ಹುಲ್ಲು 100 ಎಕರೆಯ ಆಸುಪಾಸು. ಉಳಿದದ್ದು ಮರ, ಕೆರೆ, ಪೊದೆ, ಕಟ್ಟಡ, ದಾರಿ. ಆ 100 ಎಕರೆಯಲ್ಲೂ ಎಲ್ಲ ಹುಲ್ಲು ಒಂದೇ ಅಲ್ಲ. ಕುಳಿ ಇರುವ ನಯವಾದ ಜಾಗ ಗ್ರೀನ್, ಅದು ಎಲ್ಲ ಸೇರಿ ಸುಮಾರು 3 ಎಕರೆ ಮಾತ್ರ. ಅಲ್ಲಿಗೆ ಹೋಗುವ ಹಾದಿಯಂಥ ಪಟ್ಟಿ ಫೇರ್‌ವೇ, ಸುಮಾರು 30 ಎಕರೆ. ಅದರ ಆಚೀಚೆ ಸ್ವಲ್ಪ ಎತ್ತರಕ್ಕೆ ಬಿಡುವ ಹುಲ್ಲು ರಫ್. ಜಾಸ್ತಿ ಜಾಗ ರಫ್‌ನದೇ. ಪ್ರತಿ ಚದರ ಅಡಿಗೆ ಲೆಕ್ಕ ಹಾಕಿದರೆ ಅತಿ ಹೆಚ್ಚು ಆರೈಕೆ, ಅತಿ ಹೆಚ್ಚು ಔಷಧಿ ಗ್ರೀನ್‌ಗೆ. ಅತಿ ಹೆಚ್ಚು ಉಳಿತಾಯಕ್ಕೆ ಅವಕಾಶ ಇರುವುದು ರಫ್‌ನಲ್ಲಿ.

ಈ ವೃತ್ತಿಗೆ ಒಂದು ಶತಮಾನದ ಸಂಘಟನೆಯ ಇತಿಹಾಸ ಇದೆ. 1926ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊ ಹತ್ತಿರ ಗ್ರೀನ್‌ಕೀಪರ್‌ಗಳು ಸೇರಿ ಕಟ್ಟಿದ ಸಂಘವೇ ಇವತ್ತಿನ ಜಿಸಿಎಸ್‌ಎಎ. ಆ ಕಾಲದಲ್ಲಿ ಅವರ ಚಿಂತೆ ಹುಲ್ಲು ಚೆನ್ನಾಗಿ ಬೆಳೆಸುವುದು, ಅಷ್ಟೇ. ಪಾದರಸ ಇರುವ ಔಷಧಿಗಳನ್ನು ದಶಕಗಟ್ಟಲೆ ಹುಲ್ಲಿನ ರೋಗಕ್ಕೆ ಹೊಡೆದರು. ಡಯಜಿನಾನ್ ಅನ್ನುವ ಕೀಟನಾಶಕದ ಕಥೆ ಇನ್ನೂ ನೋವಿನದು. ಅದನ್ನು ಸಿಂಪಡಿಸಿದ ಹುಲ್ಲು ಮೇಯ್ದ ಬಾತುಗಳು, ಹೆಬ್ಬಾತುಗಳು ಮೈದಾನದಲ್ಲೇ ಸತ್ತು ಬೀಳತೊಡಗಿದವು. 1980ರ ದಶಕದಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಗಾಲ್ಫ್ ಕೋರ್ಸ್‌ಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. 1991ರಲ್ಲಿ ಆಡುಬಾನ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಗಾಲ್ಫ್ ಕೋರ್ಸ್‌ಗಳಿಗಾಗಿಯೇ ಪರಿಸರ ಕಾಳಜಿಯ ಒಂದು ಪ್ರಮಾಣಪತ್ರ ಯೋಜನೆ ಶುರು ಮಾಡಿತು. ಹಕ್ಕಿಗಳ ಕೆಲಸಕ್ಕೆ ಹೆಸರಾದ ನ್ಯಾಷನಲ್ ಆಡುಬಾನ್ ಸೊಸೈಟಿಯೇ ಬೇರೆ, ಇದೇ ಬೇರೆ. ತುಂಬ ಜನ ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ.

ನೀರು ಎಲ್ಲಿ ಪೋಲಾಗುತ್ತದೆ

ಒಂದು ಎಕರೆಯ ಮೇಲೆ 1 ಮಿ.ಮೀ. ನೀರು ನಿಲ್ಲಿಸಿದರೆ ಅದು ಸುಮಾರು 4,000 ಲೀಟರ್. ಬೇಸಿಗೆಯ ಒಂದು ರಾತ್ರಿ 100 ಎಕರೆಗೂ 5 ಮಿ.ಮೀ. ಬಿಟ್ಟರೆ 20 ಲಕ್ಷ ಲೀಟರ್ ಆಯಿತು. ಹಾಗಾಗಿ ಒಂದೊಂದು ಮಿಲಿಮೀಟರ್‌ಗೂ ಬೆಲೆ ಇದೆ.

ಸ್ಪ್ರಿಂಕ್ಲರ್ ತಿರುಗುತ್ತಾ ನೀರು ಚಿಮ್ಮಿಸುವುದನ್ನು ದೂರದಿಂದ ನೋಡಿದರೆ ಎಲ್ಲ ಕಡೆ ಸಮವಾಗಿ ಬೀಳುತ್ತಿದೆ ಅನ್ನಿಸುತ್ತದೆ. ಅದು ನಿಜವಾ ಅಂತ ತಿಳಿಯಲು ಸೂಪರಿಂಟೆಂಡೆಂಟ್‌ಗಳು ಮಾಡುವ ಒಂದು ಪರೀಕ್ಷೆ ತುಂಬ ಸರಳ. ಹುಲ್ಲಿನ ಮೇಲೆ ಸಮ ಅಂತರದಲ್ಲಿ ಸಾಲಾಗಿ ಡಬ್ಬಿಗಳನ್ನು ಇಡುತ್ತಾರೆ. ಲೆಕ್ಕ ಹಾಕಿದ ಹೊತ್ತು ನೀರು ಬಿಟ್ಟು ನಿಲ್ಲಿಸುತ್ತಾರೆ. ಆಮೇಲೆ ಒಂದೊಂದು ಡಬ್ಬಿಯಲ್ಲೂ ಎಷ್ಟು ನೀರು ಬಿದ್ದಿದೆ ಅಂತ ಅಳೆಯುತ್ತಾರೆ. ಆಗ ಬಂಡವಾಳ ಬಯಲಾಗುತ್ತದೆ. ಒಂದು ಸ್ಪ್ರಿಂಕ್ಲರ್ ಸ್ವಲ್ಪ ವಾಲಿಕೊಂಡಿರುತ್ತದೆ. ಇನ್ನೊಂದರ ನಾಜಲ್ ಸವೆದು ಹೋಗಿರುತ್ತದೆ. ಮತ್ತೊಂದು ಮಣ್ಣಿನಲ್ಲಿ ತಗ್ಗಿ ಕೂತು, ಸುತ್ತಲಿನ ಹುಲ್ಲಿಗೇ ನೀರು ಬಡಿಯುತ್ತಿರುತ್ತದೆ.

ಇದರಿಂದ ಆಗುವ ನಷ್ಟದ ಲೆಕ್ಕ ಹೀಗೆ. ಸರಾಸರಿ 10 ಮಿ.ಮೀ. ಬೀಳುವಾಗ ಅತಿ ಒಣಗಿದ ಕಾಲುಭಾಗಕ್ಕೆ 6 ಮಿ.ಮೀ. ಮಾತ್ರ ಬೀಳುತ್ತಿದೆ ಅಂದುಕೊಳ್ಳಿ. ಆ ಕಾಲುಭಾಗ ಕಂದಾಗುತ್ತದೆ, ಆಟಗಾರರಿಂದ ದೂರು ಬರುತ್ತದೆ. ಅಲ್ಲಿಗೂ 10 ಮಿ.ಮೀ. ಮುಟ್ಟಿಸಬೇಕಾದರೆ ಇಡೀ ಜಾಗಕ್ಕೆ ಮೂರರಲ್ಲಿ ಎರಡು ಪಾಲು ಹೆಚ್ಚು ಹೊತ್ತು ನೀರು ಬಿಡಬೇಕು. ಒಣ ಮೂಲೆ ಹಸಿರಾಗುತ್ತದೆ, ಉಳಿದ ಕಡೆ ನೆಲ ಕೆಸರಾಗುತ್ತದೆ. ವಾಲಿದ ಸ್ಪ್ರಿಂಕ್ಲರ್‌ಗಳನ್ನು ನೆಟ್ಟಗೆ ಮಾಡಿ, ಸವೆದ ನಾಜಲ್ ಬದಲಾಯಿಸಿದರೆ ಈ ಹೆಚ್ಚುವರಿ ನೀರಿನ ಬಹುಪಾಲು ಬೇಕಾಗುವುದೇ ಇಲ್ಲ. ಹೊಸ ತಂತ್ರಜ್ಞಾನ ಕೊಳ್ಳುವ ಮೊದಲು ಸ್ಪ್ಯಾನರ್ ಹಿಡಿದು ಮಾಡಬೇಕಾದ ಕೆಲಸ ಇದು.

ತಂತ್ರಜ್ಞಾನಕ್ಕೂ ತನ್ನ ಜಾಗ ಇದೆ. ಎರಡು ಕಡ್ಡಿಗಳಿರುವ ಮೀಟರನ್ನು ನೆಲಕ್ಕೆ ಚುಚ್ಚಿದರೆ ಮಣ್ಣಿನಲ್ಲಿ ಶೇಕಡಾ ಎಷ್ಟು ತೇವ ಇದೆ ಅಂತ ತೋರಿಸುತ್ತದೆ. ಗ್ರೀನ್‌ನ ಹತ್ತಾರು ಕಡೆ ಚುಚ್ಚಿ ನೋಡಿ, ಒಣಗಿದ ತುಂಡಿಗೆ ಮಾತ್ರ ಪೈಪ್ ಹಿಡಿದು ಕೈಯಲ್ಲೇ ನೀರು ಹಾಕುತ್ತಾರೆ. ಹವಾಮಾನ ಕೇಂದ್ರದ ಲೆಕ್ಕದಿಂದ ನಿನ್ನೆ ಎಷ್ಟು ನೀರು ಆವಿಯಾಗಿ ಹೋಯಿತು ಅಂತ ಗೊತ್ತಾಗುತ್ತದೆ, ಇವತ್ತು ಅದಕ್ಕಿಂತ ತುಸು ಕಮ್ಮಿಯೇ ಬಿಡುತ್ತಾರೆ. ಸ್ವಲ್ಪ ಬಾಯಾರಿದ ಹುಲ್ಲು ಬೇರನ್ನು ಆಳಕ್ಕೆ ಇಳಿಸುತ್ತದೆ.

ಕೊಳಚೆ ನೀರನ್ನು ಶುದ್ಧಮಾಡಿ ಬಳಸುವ ಕೋರ್ಸ್‌ಗಳೂ ಬೇಕಾದಷ್ಟಿವೆ. ಅಮೆರಿಕದಲ್ಲಿ ಇಂಥ ನೀರಿನ ಪೈಪುಗಳಿಗೆ ನೇರಳೆ ಬಣ್ಣ. ಕುಡಿಯುವ ನೀರು ಉಳಿಯುತ್ತದೆ, ಅದು ದೊಡ್ಡ ಲಾಭ. ಆದರೆ ಈ ನೀರಿನಲ್ಲಿ ಉಪ್ಪಿನಂಶ ಜಾಸ್ತಿ. ವರ್ಷಗಟ್ಟಲೆ ಹಾಕಿದರೆ ಮಣ್ಣು ಬಿಗಿಯಾಗುತ್ತದೆ. ಆಗಾಗ ಹೆಚ್ಚು ನೀರು ಬಿಟ್ಟು ಉಪ್ಪನ್ನು ಬೇರಿನ ಕೆಳಕ್ಕೆ ತೊಳೆಯಬೇಕಾಗುತ್ತದೆ. ಕೆಲವರು ಉಪ್ಪು ತಡೆಯುವ ಪಾಸ್ಪೇಲಮ್ ಥರದ ಹುಲ್ಲಿಗೆ ಬದಲಾಯಿಸಿಕೊಳ್ಳುತ್ತಾರೆ. ಅದೇ ನೀರಿನಲ್ಲಿ ಸಾರಜನಕ, ರಂಜಕವೂ ಇರುವುದರಿಂದ ಗೊಬ್ಬರವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಬಹುದು. ಲೆಕ್ಕ ಇಡದೆ ಮಾಮೂಲಿನಂತೆ ಗೊಬ್ಬರ ಹಾಕಿದರೆ ಅದು ಹೋಗಿ ಕೆರೆ ಸೇರುತ್ತದೆ.

ಒಟ್ಟು ಫಲ ಏನು? ಜಿಸಿಎಸ್‌ಎಎ ನಡೆಸಿದ ಸಮೀಕ್ಷೆಯ ಪ್ರಕಾರ 2005ರಿಂದ 2020ರ ನಡುವೆ ಅಮೆರಿಕದ ಗಾಲ್ಫ್ ಕೋರ್ಸ್‌ಗಳ ನೀರಿನ ಬಳಕೆ ಶೇ. 29ರಷ್ಟು ಇಳಿದಿದೆ. ಅದರಲ್ಲಿ ಆ ಅವಧಿಯಲ್ಲಿ ಮುಚ್ಚಿಹೋದ ಕೋರ್ಸ್‌ಗಳ ಪಾಲೂ ಸೇರಿದೆ ಅನ್ನುವುದನ್ನು ಮರೆಯಬಾರದು. ಸಮೀಕ್ಷೆ ಮಾಡಿದ್ದು ಅವರದೇ ಸಂಘ ಅನ್ನುವುದನ್ನೂ ಮರೆಯಬಾರದು. ಆದರೂ ದಿಕ್ಕು ಸರಿಯಿದೆ.

ಇಬ್ಬನಿ ಒರೆಸಿದರೆ ಔಷಧಿ ಉಳಿಯುತ್ತದೆ

ಡಾಲರ್ ಸ್ಪಾಟ್ ಅನ್ನುವುದು ಗಾಲ್ಫ್ ಹುಲ್ಲನ್ನು ತುಂಬ ಕಾಡುವ ರೋಗಗಳಲ್ಲಿ ಒಂದು. ಶಿಲೀಂಧ್ರದಿಂದ ಬರುತ್ತದೆ. ಬೆಳಗಿನ ಜಾವ ಬಗ್ಗಿ ನೋಡಿದರೆ ಒದ್ದೆ ಹುಲ್ಲಿನ ಮೇಲೆ ಜೇಡರ ಬಲೆಯಂತೆ ತೆಳ್ಳಗಿನ ಬಿಳಿ ಎಳೆಗಳು ಕಾಣುತ್ತವೆ. ಬಿಸಿಲು ಏರಿದಂತೆ ಅವು ಮಾಯ. ಮುಂದೆ ಅಲ್ಲೇ ನಾಣ್ಯದಷ್ಟು ಅಗಲದ ಒಣಹುಲ್ಲಿನ ಬಣ್ಣದ ಮಚ್ಚೆಗಳು ಏಳುತ್ತವೆ. ಒಂದೊಂದು ಎಲೆಯನ್ನೂ ಕಿತ್ತು ನೋಡಿದರೆ ನಡುವೆ ಬಿಳಿಚಿದ ಗಾಯ, ಅದರ ಅಂಚಿಗೆ ಕೆಂಪುಮಿಶ್ರಿತ ಕಂದು ಗೆರೆ.

ಇದಕ್ಕೆ ಹಳೆಯ ಉತ್ತರ ಕ್ಯಾಲೆಂಡರ್ ನೋಡಿ ಔಷಧಿ ಹೊಡೆಯುವುದು. ಎರಡು ವಾರ ಆಯಿತಾ, ಮತ್ತೆ ಹೊಡಿ. ರೋಗ ಇರಲಿ, ಬಿಡಲಿ. ಹೊಸ ಉತ್ತರ ರೋಗ ಹೇಗೆ ಬೆಳೆಯುತ್ತದೆ ಅನ್ನುವುದರಿಂದ ಶುರುವಾಗುತ್ತದೆ. ಈ ಶಿಲೀಂಧ್ರಕ್ಕೆ ಎಲೆ ಬಹಳ ಹೊತ್ತು ಒದ್ದೆಯಾಗಿರಬೇಕು. ಹುಲ್ಲಿನ ಮೇಲಿರುವ ಹನಿಗಳಲ್ಲಿ ಎಲ್ಲವೂ ಇಬ್ಬನಿಯಲ್ಲ. ಎಲೆಯ ತುದಿಯಿಂದ ಹುಲ್ಲೇ ಹೊರಹಾಕಿದ ರಸವೂ ಅದರಲ್ಲಿ ಸೇರಿರುತ್ತದೆ. ಅದರಲ್ಲಿ ಸಕ್ಕರೆಯಂಥ ಪೋಷಕಾಂಶಗಳಿರುತ್ತವೆ, ಶಿಲೀಂಧ್ರಕ್ಕೆ ಅದೇ ಊಟ. ಬೆಳಗ್ಗೆ ಬೇಗ ಒಂದು ಉದ್ದನೆಯ ಪೈಪನ್ನೋ ಹಗ್ಗವನ್ನೋ ಹುಲ್ಲಿನ ಮೇಲೆ ಎಳೆದುಕೊಂಡು ಹೋಗಿ ಹನಿ ಉದುರಿಸಿದರೆ, ಇಲ್ಲವೇ ಹಗುರ ರೋಲರ್ ಉರುಳಿಸಿದರೆ ರೋಗ ಕಮ್ಮಿಯಾಗುತ್ತದೆ. ರೋಲರ್ ಉರುಳಿಸುವುದರಿಂದ ಡಾಲರ್ ಸ್ಪಾಟ್ ತಗ್ಗುತ್ತದೆ ಅನ್ನುವುದನ್ನು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳು ತೋರಿಸಿಕೊಟ್ಟಿವೆ.

ಇನ್ನೊಂದು ಸಾಧನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಸ್ಮಿತ್–ಕರ್ನ್ಸ್ ಮಾದರಿ. ಕಳೆದ ಐದು ದಿನಗಳ ಸರಾಸರಿ ಉಷ್ಣಾಂಶ, ಗಾಳಿಯ ತೇವಾಂಶ ಎರಡನ್ನೂ ಕೊಟ್ಟರೆ ರೋಗ ಬರುವ ಸಾಧ್ಯತೆ ಶೇಕಡಾ ಎಷ್ಟು ಅಂತ ಹೇಳುತ್ತದೆ. ಶೇ. 20 ದಾಟಿದರೆ ಔಷಧಿಯ ಬಗ್ಗೆ ಯೋಚಿಸು, ಅದಕ್ಕಿಂತ ಕೆಳಗಿದ್ದರೆ ಸುಮ್ಮನಿರು. ಈ ಸುಮ್ಮನಿರುವುದು ಹೇಳುವಷ್ಟು ಸುಲಭ ಅಲ್ಲ. ಔಷಧಿ ಹೊಡೆದೂ ಹುಲ್ಲು ಹಾಳಾದರೆ ಯಾರೂ ಬಯ್ಯುವುದಿಲ್ಲ. ಹೊಡೆಯದೆ ಹಾಳಾದರೆ ಕೆಲಸಕ್ಕೇ ಕುತ್ತು. ಹಾಗಿದ್ದೂ ಕಾಯುವ ಧೈರ್ಯ ಮಾಡುವವರನ್ನು ನಾನು ತುಂಬ ಗೌರವಿಸುತ್ತೇನೆ.

ಇದನ್ನೆಲ್ಲ ಸೇರಿಸಿ ಸಮಗ್ರ ಕೀಟ ನಿರ್ವಹಣೆ ಎನ್ನುತ್ತಾರೆ. ದಿನಾ ನಡೆದಾಡಿ ಬಗ್ಗಿ ನೋಡುವುದು, ಕಂಡದ್ದನ್ನು ಬರೆದಿಡುವುದು, ಎಷ್ಟರವರೆಗೆ ಸಹಿಸಬಹುದು ಅಂತ ಮೊದಲೇ ನಿಗದಿ ಮಾಡಿಕೊಳ್ಳುವುದು, ಔಷಧಿಯನ್ನು ಕೊನೆಗೆ ಇಟ್ಟುಕೊಳ್ಳುವುದು. ಆ ಮಿತಿ ಗ್ರೀನ್‌ನಲ್ಲಿ ಬಿಗಿ, ರಫ್‌ನಲ್ಲಿ ಸಡಿಲ. ರಫ್‌ನಲ್ಲಿ ನಾಲ್ಕು ಕಳೆ ಗಿಡ ಹೂಬಿಟ್ಟರೆ ಆಟಕ್ಕೇನೂ ತೊಂದರೆ ಇಲ್ಲ, ಜೇನುನೊಣಕ್ಕೆ ಲಾಭ.

ಒಂದು ಅಳತೆಗೋಲು ತಂದ ಒತ್ತಡ

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಎಲ್ಲ ಕಡೆ ಔಷಧಿ ಕಮ್ಮಿಯಾಗಿಲ್ಲ? ಕಾರಣದ ದೊಡ್ಡ ಭಾಗ ಆಟಗಾರರ ನಿರೀಕ್ಷೆ. ಅದನ್ನು ಸ್ಟಿಂಪ್‌ಮೀಟರ್ ಎಂಬ ಸಾಧನದ ಕಥೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. 1935ರಲ್ಲಿ ಅಮೆರಿಕದ ಓಕ್‌ಮಾಂಟ್‌ನಲ್ಲಿ ನಡೆದ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿ ನೋಡಿದ ಎಡ್ವರ್ಡ್ ಸ್ಟಿಂಪ್ಸನ್ ಎಂಬವರು ಗ್ರೀನ್‌ನ ವೇಗ ಅಳೆಯಲು ಇದನ್ನು ಮಾಡಿದರು. ಇದು ಮೂರಡಿ ಉದ್ದದ, ನಡುವೆ ಉದ್ದಕ್ಕೂ ತೋಡು ಇರುವ ಕೋಲು. ಒಂದು ತುದಿ ಎತ್ತಿದರೆ ಚೆಂಡು ಜಾರಿ ಹುಲ್ಲಿನ ಮೇಲೆ ಉರುಳುತ್ತದೆ. ಎಷ್ಟು ಅಡಿ ಹೋಯಿತೋ ಅದೇ ಆ ಗ್ರೀನ್‌ನ ವೇಗ. 1970ರ ದಶಕದಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಇದನ್ನು ಸುಧಾರಿಸಿ ಸೂಪರಿಂಟೆಂಡೆಂಟ್‌ಗಳ ಕೈಗೆ ಕೊಟ್ಟಿತು. ಒಂದೇ ಕೋರ್ಸ್‌ನ 18 ಗ್ರೀನ್‌ಗಳೂ ಒಂದೇ ಥರ ಇರಲಿ ಅನ್ನುವುದು ಉದ್ದೇಶ. ಆಗ ನೂರಾರು ಕೋರ್ಸ್‌ಗಳಲ್ಲಿ ಅಳೆದಾಗ ಸರಾಸರಿ ಆರೂವರೆ ಅಡಿ ಬಂದಿತ್ತು. ಆಮೇಲೆ ಆದದ್ದೇ ಬೇರೆ. ನಿಮ್ಮ ಕ್ಲಬ್‌ನಲ್ಲಿ ಎಷ್ಟು, ನಮ್ಮಲ್ಲಿ ಎಷ್ಟು ಅಂತ ಪೈಪೋಟಿ ಶುರುವಾಯಿತು. ಈಗ 10 ಅಡಿ ಅಂದರೆ ಸಾಮಾನ್ಯ.

ವೇಗ ಬೇಕಾದರೆ ಹುಲ್ಲನ್ನು ಇನ್ನೂ ಗಿಡ್ಡ ಕತ್ತರಿಸಬೇಕು. ಈಗಿನ ಗ್ರೀನ್‌ನಲ್ಲಿ ಹುಲ್ಲಿನ ಎತ್ತರ 3 ಮಿ.ಮೀ. ಆಸುಪಾಸು. ಎಲೆ ಚಿಕ್ಕದಾದಷ್ಟೂ ಗಿಡ ತಯಾರಿಸುವ ಆಹಾರ ಕಮ್ಮಿ. ಆಹಾರ ಕಮ್ಮಿಯಾದರೆ ಬೇರು ಮೇಲೇ ನಿಲ್ಲುತ್ತದೆ. ಬೇರು ಮೇಲಿದ್ದರೆ ಪದೇ ಪದೇ ನೀರು ಬೇಕು. ಮೇಲ್ಮೈ ಸದಾ ಒದ್ದೆ ಇದ್ದರೆ ರೋಗ ಬರುತ್ತದೆ, ರೋಗ ಬಂದರೆ ಔಷಧಿ. ಒಂದಡಿ ಹೆಚ್ಚಿನ ವೇಗ ಕೇಳುವ ಆಟಗಾರನಿಗೆ ತಾನು ಔಷಧಿ ಕೇಳುತ್ತಿದ್ದೇನೆ ಅಂತ ಗೊತ್ತೇ ಇರುವುದಿಲ್ಲ. ಅದನ್ನು ಬಿಡಿಸಿ ಹೇಳುವುದೂ ಸೂಪರಿಂಟೆಂಡೆಂಟ್‌ನ ಕೆಲಸವೇ. ಅರ್ಧ ಮಿಲಿಮೀಟರ್ ಎತ್ತರ ಜಾಸ್ತಿ ಬಿಟ್ಟು, ಕತ್ತರಿಸುವ ಬದಲು ಕೆಲವು ದಿನ ರೋಲರ್ ಮಾತ್ರ ಹೊಡೆದು ವೇಗವನ್ನು ಉಳಿಸಿಕೊಳ್ಳಬಹುದು. ಆದರೆ ಹೇಗೂ ಒಂದು ಕಡೆ ಸಾಕು ಅನ್ನಲೇಬೇಕು.

ಬಣ್ಣದ ವಿಷಯವೂ ಹೀಗೇ. ಪ್ರತಿ ಏಪ್ರಿಲ್‌ನಲ್ಲಿ ಟಿವಿಯಲ್ಲಿ ಬರುವ, ಮಾಸ್ಟರ್ಸ್ ಪಂದ್ಯಾವಳಿ ನಡೆಯುವ ಅಮೆರಿಕದ ಅಗಸ್ಟಾ ನ್ಯಾಷನಲ್ ಕೋರ್ಸ್‌ನ ಕಡುಹಸಿರು ನೋಡಿದ ಸದಸ್ಯರು ತಮ್ಮ ಕ್ಲಬ್‌ನಲ್ಲೂ ಅದನ್ನೇ ಕೇಳುತ್ತಾರೆ. ಆ ಕೋರ್ಸ್‌ನ ಹಣ, ಕೆಲಸಗಾರರ ಸಂಖ್ಯೆ ಬೇರೆ ಯಾರಿಗೂ ಇಲ್ಲ. ಅದೂ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತದೆ.

ಇದಕ್ಕೆ ಎದುರು ಉದಾಹರಣೆ ಉತ್ತರ ಕ್ಯಾರೊಲೈನಾದ ಪೈನ್‌ಹರ್ಸ್ಟ್ ನಂಬರ್ 2. ಡೊನಾಲ್ಡ್ ರಾಸ್ 1907ರಲ್ಲಿ ರೂಪಿಸಿದ ಈ ಕೋರ್ಸ್ ಕಾಲಕ್ರಮೇಣ ಅಂಚಿನಿಂದ ಅಂಚಿಗೆ ಹಸಿರಾಗಿಬಿಟ್ಟಿತ್ತು. 2010–11ರಲ್ಲಿ ಬಿಲ್ ಕೋರ್ ಮತ್ತು ಬೆನ್ ಕ್ರೆನ್‌ಶಾ ಅದನ್ನು ಹಳೆಯ ರೂಪಕ್ಕೆ ತಂದರು. ಸುಮಾರು 35–40 ಎಕರೆ ಹುಲ್ಲು ಕಿತ್ತುಹಾಕಿದರು. ಅಲ್ಲಿ ಬರೀ ಮರಳು, ಪೈನ್ ಎಲೆ, ಆ ಭಾಗದ್ದೇ ಆದ ವೈರ್‌ಗ್ರಾಸ್ ಹುಲ್ಲು ಬಂತು. 1,150 ಇದ್ದ ಸ್ಪ್ರಿಂಕ್ಲರ್‌ಗಳು 450ಕ್ಕೆ ಇಳಿದವು. 2014ರಲ್ಲಿ ಪುರುಷರ ಹಾಗೂ ಮಹಿಳೆಯರ ಯು.ಎಸ್. ಓಪನ್ ಎರಡೂ ಒಂದರ ಹಿಂದೆ ಒಂದು ಅಲ್ಲೇ ನಡೆದವು. ಅಂಚುಗಳು ಕಂದುಬಣ್ಣಕ್ಕಿದ್ದವು, ಟಿವಿಯಲ್ಲಿ ಜಗತ್ತೇ ನೋಡಿತು. ಕೆಲವರಿಗೆ ಹಿಡಿಸಲಿಲ್ಲ. ಆದರೆ ನೀರು ಕಮ್ಮಿ ಬಿಡಬೇಕು ಅಂತ ತಮ್ಮ ಕ್ಲಬ್‌ನಲ್ಲಿ ವಾದ ಮಾಡುತ್ತಿದ್ದ ಎಷ್ಟೋ ಸೂಪರಿಂಟೆಂಡೆಂಟ್‌ಗಳಿಗೆ ತೋರಿಸಲು ಒಂದು ದೊಡ್ಡ ಉದಾಹರಣೆ ಸಿಕ್ಕಿತು.

ಕತ್ತರಿಸದೆ ಬಿಟ್ಟ ಜಾಗ

ಕೆರೆಯ ಅಂಚಿನವರೆಗೂ ಹುಲ್ಲು ಕತ್ತರಿಸಿದರೆ ನೋಡಲು ಅಚ್ಚುಕಟ್ಟು. ಆದರೆ ಮಳೆ ಬಂದಾಗ ಗೊಬ್ಬರ ನೇರ ನೀರಿಗೆ. ರಂಜಕ ಸೇರಿದ ನೀರಿನಲ್ಲಿ ಪಾಚಿ ಹಬ್ಬುತ್ತದೆ, ಅದು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ, ಮೀನು ಸಾಯುತ್ತವೆ. ಅಂಚಿನಲ್ಲಿ ಕೆಲವು ಮೀಟರ್ ಅಗಲಕ್ಕೆ ಎತ್ತರದ ಹುಲ್ಲು, ಜೊಂಡು ಬಿಟ್ಟರೆ ಅದು ಜರಡಿಯಂತೆ ಕೆಲಸ ಮಾಡುತ್ತದೆ. ಹರಿದು ಬರುವ ನೀರು ನಿಧಾನವಾಗುತ್ತದೆ, ಮಣ್ಣು ಅಲ್ಲೇ ಕೂರುತ್ತದೆ, ಗೊಬ್ಬರದ ಅಂಶವನ್ನು ಬೇರು ಹೀರಿಕೊಳ್ಳುತ್ತದೆ. ಕಪ್ಪೆ, ಏರೋಪ್ಲೇನ್ ಚಿಟ್ಟೆಗಳಿಗೂ ಮನೆ ಸಿಗುತ್ತದೆ. ಇಷ್ಟು ಕಮ್ಮಿ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ ಅಂತಲೇ ಹೇಳಬಹುದು.

ರಫ್‌ನ ದೂರದ ಭಾಗಗಳನ್ನು ಹೂವಿನ ಬಯಲಾಗಿ ಮಾಡುವುದು ಮಾತ್ರ ಅಷ್ಟು ಸುಲಭ ಅಲ್ಲ. ಯಂತ್ರ ನಿಲ್ಲಿಸಿದರೆ ಹೂವು ತಾನಾಗಿ ಬರುತ್ತದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಿಜದಲ್ಲಿ ವರ್ಷಗಟ್ಟಲೆ ಗೊಬ್ಬರ ಉಂಡ ಮಣ್ಣಿನಲ್ಲಿ ಮೊದಲು ಮೇಲೇಳುವುದು ಒರಟು ಹುಲ್ಲು ಮತ್ತು ಕಳೆ. ಕಾಡುಹೂಗಳಿಗೆ ಬಡ ಮಣ್ಣು ಬೇಕು. ಅದಕ್ಕೇ ವರ್ಷಕ್ಕೊಮ್ಮೆ ಕತ್ತರಿಸಿ, ಕತ್ತರಿಸಿದ್ದನ್ನು ಅಲ್ಲೇ ಬಿಡದೆ ಎತ್ತಿ ಸಾಗಿಸುತ್ತಾರೆ. ಹಾಗೆ ಮಾಡುತ್ತಾ ಹೋದರೆ ಮಣ್ಣಿನ ಸತ್ವ ಇಳಿದು ಹೂವಿಗೆ ಜಾಗ ಆಗುತ್ತದೆ. ಮೊದಲ ಎರಡು ಮೂರು ವರ್ಷ ಅದು ಪಾಳುಬಿದ್ದ ಹೊಲದಂತೆಯೇ ಕಾಣುತ್ತದೆ. ಚೆಂಡು ಕಳೆದುಕೊಂಡವರ ದೂರು ಬೇರೆ. ಹೀಗಾಗಿ ಚೆಂಡು ಜಾಸ್ತಿ ಬೀಳದ ಜಾಗವನ್ನೇ ಆರಿಸುತ್ತಾರೆ. ಅಮೆರಿಕದಲ್ಲಿ ಮೊನಾರ್ಕ್ ಚಿಟ್ಟೆಗಳಿಗಾಗಿ ಇಂಥ ಜಾಗಗಳಲ್ಲಿ ಮಿಲ್ಕ್‌ವೀಡ್ ಗಿಡ ಬೆಳೆಸುವ ಕಾರ್ಯಕ್ರಮವನ್ನು ಆಡುಬಾನ್ ಇಂಟರ್‌ನ್ಯಾಷನಲ್ ನಡೆಸುತ್ತಿದೆ. ಆ ಚಿಟ್ಟೆಯ ಮರಿಹುಳ ತಿನ್ನುವುದು ಆ ಜಾತಿಯ ಗಿಡವನ್ನು ಮಾತ್ರ.

ಇಂಗ್ಲೆಂಡಿನ ಕಡಲತೀರದ ಹಳೆಯ ಕೋರ್ಸ್‌ಗಳ ಕಥೆ ಬೇರೆ. ಅಲ್ಲಿ ಎಷ್ಟೋ ಮರಳುದಿಬ್ಬಗಳು ಊರು, ಬೇಸಾಯದ ಪಾಲಾಗಿವೆ. ಉಳಿದ ಕೆಲವು ಗಾಲ್ಫ್ ಕೋರ್ಸ್‌ಗಳ ಒಳಗಿವೆ. ಸೆಫ್ಟನ್ ಕರಾವಳಿಯಲ್ಲಿ ನ್ಯಾಟರ್‌ಜಾಕ್ ಎಂಬ ಅಪರೂಪದ ನೆಲಗಪ್ಪೆ ಇಂಥ ದಿಬ್ಬಗಳ ನಡುವಿನ ನೀರುಗುಂಡಿಗಳಲ್ಲಿ ಮೊಟ್ಟೆಯಿಡುತ್ತದೆ. ಸ್ಯಾಂಡ್‌ವಿಚ್ ಊರಿನ ರಾಯಲ್ ಸೇಂಟ್ ಜಾರ್ಜಸ್ ಕೋರ್ಸ್ ಲಿಝರ್ಡ್ ಆರ್ಕಿಡ್ ಹೂವಿಗೆ ಹೆಸರುವಾಸಿ. ಪೊದೆ ಹಬ್ಬಿ ದಿಬ್ಬ ಮುಚ್ಚಿಹೋಗದಂತೆ ಗ್ರೀನ್‌ಕೀಪರ್‌ಗಳು ಕಡಿದು ತೆರವು ಮಾಡುತ್ತಿರಬೇಕು, ಇಲ್ಲದಿದ್ದರೆ ಈ ಜೀವಿಗಳಿಗೆ ಜಾಗ ಉಳಿಯುವುದಿಲ್ಲ.

ಮಿತಿ ಎಲ್ಲಿ

ಇದೆಲ್ಲ ಓದಿ ಗಾಲ್ಫ್ ಕೋರ್ಸ್ ಅಂದರೆ ಅಭಯಾರಣ್ಯ ಅಂದುಕೊಳ್ಳುವುದು ತಪ್ಪು. ಚೆನ್ನಾಗಿರುವ ಕಾಡನ್ನೋ ಜೌಗುಭೂಮಿಯನ್ನೋ ಅಗೆದು ಕೋರ್ಸ್ ಕಟ್ಟಿದರೆ, ಆಮೇಲೆ ಬರುವ ಸೂಪರಿಂಟೆಂಡೆಂಟ್ ಎಷ್ಟೇ ಜಾಣನಾದರೂ ಹೋದದ್ದು ವಾಪಸ್ ಬರುವುದಿಲ್ಲ. ಎಲ್ಲಿ ಕಟ್ಟಬೇಕು ಅನ್ನುವ ತೀರ್ಮಾನದಲ್ಲಿ ಅವರ ಮಾತು ನಡೆಯುವುದು ಅಪರೂಪ. ವಾಷಿಂಗ್ಟನ್ ರಾಜ್ಯದ ಚೇಂಬರ್ಸ್ ಬೇ ಕೋರ್ಸನ್ನು ಹಳೆಯ ಜಲ್ಲಿ ಗಣಿಯ ಜಾಗದಲ್ಲಿ ಕಟ್ಟಿದರು, ಅಲ್ಲಿ ಕಳೆದುಕೊಳ್ಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಶಾರ್ಪ್ ಪಾರ್ಕ್ ಕೋರ್ಸ್ ವಿಷಯದಲ್ಲಿ ಅಳಿವಿನಂಚಿನ ಹಾವು, ಕೆಂಪುಕಾಲಿನ ಕಪ್ಪೆಗಳ ಪರವಾಗಿ ಪರಿಸರ ಸಂಘಟನೆಗಳು ಕೋರ್ಟಿಗೇ ಹೋದವು. ಪ್ರಮಾಣಪತ್ರಕ್ಕೂ ಮಿತಿ ಇದೆ. ಯೋಜನೆ ಇದೆಯಾ, ದಾಖಲೆ ಇದೆಯಾ ಅಂತ ಅದು ನೋಡುತ್ತದೆ. ಆ ಕೆರೆಯಲ್ಲಿ ಈಗ ಎಷ್ಟು ಕಪ್ಪೆಗಳಿವೆ ಅನ್ನುವುದಕ್ಕೆ ಅದೊಂದೇ ಉತ್ತರ ಆಗಲಾರದು. ನೀರಿನ ಮೀಟರ್ ಓದು, ಔಷಧಿಯ ಲೆಕ್ಕ, ಕೆರೆ ನೀರಿನ ಪರೀಕ್ಷೆ ಇವನ್ನು ವರ್ಷ ವರ್ಷ ಹೊರಗೆ ಹಾಕುವ ಕೋರ್ಸ್‌ಗಳನ್ನು ನಾನು ಹೆಚ್ಚು ನಂಬುತ್ತೇನೆ.

ಜಗತ್ತಿನಲ್ಲಿ ಈಗಾಗಲೇ ಸುಮಾರು 38 ಸಾವಿರ ಕೋರ್ಸ್‌ಗಳಿವೆ. ಅವು ನಾಳೆ ಮಾಯವಾಗುವುದಿಲ್ಲ. ಹಾಗಾಗಿ ಅವುಗಳ ಒಳಗಿನ ತೀರ್ಮಾನ ಯಾರ ಕೈಯಲ್ಲಿದೆ, ಅದು ಉಳಿಯುತ್ತದಾ ಅನ್ನುವುದು ಮುಖ್ಯ. ಸೂಪರಿಂಟೆಂಡೆಂಟ್‌ಗಳು ಕೆಲಸ ಬದಲಾಯಿಸುತ್ತಾರೆ, ಕ್ಲಬ್‌ನ ಸಮಿತಿ ಇನ್ನೂ ಬೇಗ ಬದಲಾಗುತ್ತದೆ. ಹತ್ತು ವರ್ಷ ಕಾದು ಬೆಳೆಸಿದ ಹೂವಿನ ಬಯಲನ್ನು, ಅಚ್ಚುಕಟ್ಟು ಬಯಸುವ ಹೊಸ ಸಮಿತಿ ಒಂದೇ ಮಧ್ಯಾಹ್ನ ಕತ್ತರಿಸಿ ಹಾಕಿಸಬಹುದು. ಇದನ್ನು ತಡೆಯಲು ಅನುಭವಿಗಳು ಮಾಡುವ ಕೆಲಸ ಸರಳವಾಗಿದೆ. ಕತ್ತರಿಸದ ಜಾಗ, ಔಷಧಿ ಹೊಡೆಯದ ಪಟ್ಟಿ, ಗ್ರೀನ್‌ನ ಕನಿಷ್ಠ ಎತ್ತರ, ರೋಗಕ್ಕೆ ಸಹಿಸುವ ಮಿತಿ ಎಲ್ಲವನ್ನೂ ನಕ್ಷೆ ಸಮೇತ ಬರೆದು, ಕ್ಲಬ್‌ನ ಸಭೆಯಲ್ಲಿ ಒಪ್ಪಿಗೆ ಪಡೆದು, ಅಧಿಕೃತ ದಾಖಲೆಯಾಗಿ ಇಡುತ್ತಾರೆ. ಅಮೆರಿಕದಲ್ಲಿ 2020ರ ಹೊತ್ತಿಗೆ 50 ರಾಜ್ಯಗಳೂ ತಮ್ಮ ತಮ್ಮ ಮಣ್ಣು, ಹವೆಗೆ ತಕ್ಕ ಇಂಥ ಮಾರ್ಗದರ್ಶಿಗಳನ್ನು ಸಿದ್ಧಪಡಿಸಿಕೊಂಡವು. ಒಂದೊಂದು ಕೋರ್ಸ್ ಅದನ್ನು ಇಟ್ಟುಕೊಂಡು ತನ್ನದೇ ದಾಖಲೆ ಮಾಡಿಕೊಳ್ಳಬಹುದು. ಮುಂದೆ ಯಾರಾದರೂ ಆ ಬಯಲಿಗೆ ಯಂತ್ರ ಇಳಿಸಬೇಕಾದರೆ ಮೊದಲು ಸಭೆ ಕರೆದು, ಎಲ್ಲರೆದುರು ಕಾರಣ ಹೇಳಿ ಆ ಕಾಗದವನ್ನು ತಿದ್ದಬೇಕಾಗುತ್ತದೆ.